ಒಬ್ಬರ ಹಂಚು, ಇನ್ನೊಬ್ಬರ ಬ್ಯಾಟರಿ

ಮನೆಗಳ ಮೇಲೆ ಸೋಲಾರ್ ಕೂರಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಶಹಾಪುರದ ನಮ್ಮ ಮನೆಗೆ ಬರುತ್ತಾರೆ. ಫೋನಿನಲ್ಲಿ ಗಿರಾಕಿಯ ಮನೆಯ ಚಿತ್ರ ತೋರಿಸಿ, ಪ್ಯಾನೆಲ್ ಎಷ್ಟು ಬೇಕು, ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕವನ್ನೂ ಅದರಲ್ಲೇ ತೆಗೆದು ನನ್ನ ಮುಂದೆ ಹಿಡಿಯುತ್ತಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ನಾನು ಕೇಳುವುದು ಒಂದೇ: "ಆ ಮನಿಯವರು ಬಾಜೂ ಮನಿಯವರ ಜೋಡಿ ಮಾತಾಡತಾರೇನು?" ಪಕ್ಕದ ಮನೆಯ ಸುದ್ದಿ ಸೋಲಾರಿಗೇಕೆ ಎಂದು ಹುಡುಗರು ನಕ್ಕು ಚಹಾ ಕುಡಿದು ಹೋಗುತ್ತಾರೆ. ಮುದುಕನ ತಲೆ ಸರಿಯಿಲ್ಲ ಎಂದುಕೊಳ್ಳುವ ಹಕ್ಕು ಅವರಿಗಿದೆ. ಆದರೂ ಹಾಗೇಕೆ ಕೇಳುತ್ತೇನೆ ಎಂಬುದನ್ನು ಬರೆದಿಡಬೇಕೆನಿಸಿತು.

ನಮ್ಮ ತಂದೆಗೆ ಶಹಾಪುರದಲ್ಲಿ ಸೀರೆಯ ಅಂಗಡಿ ಇತ್ತು. ನಾನು ಅಂಗಡಿಯಲ್ಲಿ ಕೂರಲಿಲ್ಲ. ಐಟಿಐ ಮುಗಿಸಿ, ಎಪ್ಪತ್ತರ ದಶಕದ ನಡುವಿನಲ್ಲಿ ಬೆಳಗಾವಿಯ ಒಂದು ಬ್ಯಾಟರಿ ವರ್ಕ್‌ಶಾಪಿಗೆ ಸೇರಿದೆ. ಗೋವೆಗೆ ಹೋಗುವ ಟ್ರಕ್ಕುಗಳ ಸತ್ತ ಬ್ಯಾಟರಿಗಳನ್ನು ಬದುಕಿಸಿ ಕಳಿಸುವುದು ನಮ್ಮ ಕೆಲಸ. ಆಸಿಡ್ ಸಿಡಿದು ನನ್ನ ಪ್ಯಾಂಟುಗಳೆಲ್ಲ ತೂತಾದವು. ಬಟ್ಟೆ ಅಂಗಡಿಯವನ ಮಗ ತೂತುಬಿದ್ದ ಪ್ಯಾಂಟಿನಲ್ಲಿ ತಿರುಗಾಡಿದರೆ ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ತಂದೆಯವರು ಅಂಗಡಿಯ ಮುಂದೆ ಹಾಯಬೇಡ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಹಿಂದಿನ ಓಣಿಯಿಂದ ಹೋಗತೊಡಗಿದೆ.

ನಮ್ಮ ಮ್ಯಾನೇಜರು ಇನಾಮದಾರ ಸಾಹೇಬರು. ತೆಳ್ಳಗಿನ ಮನುಷ್ಯ. ಕೋಪ ಬಂದರೆ ದನಿ ಇನ್ನಷ್ಟು ಸಣ್ಣದಾಗುತ್ತಿತ್ತು. ಎಂಬತ್ತರ ದಶಕದಲ್ಲಿ ಅವರು ದಿಲ್ಲಿಗೆ ತರಬೇತಿಗೆ ಹೋಗಿ, ಬರುವಾಗ ಒಂದು ಸೋಲಾರ್ ಪ್ಯಾನೆಲ್ ತಂದರು. ಈಗಿನವರು ಅಂಥದ್ದನ್ನು ನೋಡಿರಲಿಕ್ಕಿಲ್ಲ. ಗಾಜಿನ ಕೆಳಗೆ ಗುಂಡನೆಯ ನೀಲಿ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದ್ದರು. ಸಾಹೇಬರು ಅದನ್ನು ಅಂಗಳದಲ್ಲಿಟ್ಟು ಟ್ರಕ್ಕಿನ ಸಣ್ಣ ಬಲ್ಬೊಂದನ್ನು ಜೋಡಿಸಿದರು. ಬಲ್ಬು ಹತ್ತಿತು. ಡ್ರೈವರುಗಳೆಲ್ಲ ಸುತ್ತ ನಿಂತು ನೋಡಿದರು. ಅವರಲ್ಲಿ ಒಬ್ಬನು ಒಂದು ಬಿಲ್ಲೆಯ ಮೇಲೆ ಅಂಗೈ ಹಿಡಿದ. ಬಲ್ಬು ಆರಿಹೋಯಿತು.

"ನೋಡು ಜಿನ್ನಪ್ಪಾ," ಎಂದರು ಸಾಹೇಬರು, "ಬಿಲ್ಲೆಗೋಳು ಸರಪಳಿ ಇದ್ದಂಗ ಒಂದಕ್ಕೊಂದು ಕಟ್ಟ್ಯಾವ. ಒಂದರ ಮ್ಯಾಲ ನೆರಳು ಬಿತ್ತಂದ್ರ ಎಲ್ಲಾ ಕೂತುಬಿಡತಾವ. ಇಷ್ಟು ನೆನಪಿಟ್ಟರ ಅರ್ಧಾ ಕೆಲಸ ಕಲತಂಗ."

ಉಳಿದ ಅರ್ಧವನ್ನು ಹೇಳುವುದಕ್ಕೆ ಅವರಿಗೂ ಆಗ ಗೊತ್ತಿರಲಿಲ್ಲ.

ಮೊದಲ ಪರೀಕ್ಷೆ ದೇಸೂರಿನ ಒಂದು ಹೊಲದ ಮನೆಯಲ್ಲಿ ನಡೆಯಿತು. ಪ್ಯಾನೆಲನ್ನು ಅಂಗಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ ಬಂದೆವು. ಸ್ವಲ್ಪ ದಿನ ಬಿಟ್ಟು ಬೆಳಕು ಮಂಕಾಗಿದೆ ಎಂದು ಹೇಳಿಕಳಿಸಿದರು. ಹೋಗಿ ನೋಡಿದರೆ ಪ್ಯಾನೆಲಿನ ತುಂಬ ಹಪ್ಪಳ. ಮನೆಯ ಯಜಮಾನಿ ನಮ್ಮನ್ನು ನೋಡಿ ಸಂತೋಷಪಟ್ಟಳು. "ಎಷ್ಟು ಛಲೋ ಒಣಗತಾವ್ರಿ ಇದರ ಮ್ಯಾಲ. ಇನ್ನೊಂದು ಇದ್ರ ಕೊಡ್ರಿ" ಎಂದಳು. ಸಾಹೇಬರು ಹಪ್ಪಳ ತೆಗೆಯಲು ಹೇಳಲಿಲ್ಲ. ಪ್ಯಾನೆಲನ್ನು ಕೈಗೆಟುಕದ ಎತ್ತರಕ್ಕೆ ಏರಿಸಿದರು. ಬರುವಾಗ ಅವಳು ಒಂದು ಕಟ್ಟು ಹಪ್ಪಳ ಕೊಟ್ಟಳು. ಖರೇನೇ ಚೆನ್ನಾಗಿ ಒಣಗಿದ್ದವು.

ಇದಾದ ಮೇಲೆ ಸರಕಾರದ ಒಂದು ಯೋಜನೆಯಲ್ಲಿ ಖಾನಾಪುರದಾಚೆಯ, ಕಂಬ ತಲುಪದ ಹಳ್ಳಿಗಳ ಕೆಲಸ ನಮಗೆ ಬಂತು. ಮೊದಲು ಒಂದು ಮನೆಗೆ ಹಾಕಿ ತೋರಿಸಬೇಕು. ಅಲ್ಲಿ ಒಂದು ಮಳೆಗಾಲ ನಡೆದರೆ ಉಳಿದ ಹಳ್ಳಿಗಳಿಗೂ ಸಿಗುತ್ತದೆ. ನಡೆಯದಿದ್ದರೆ ಪ್ಯಾನೆಲುಗಳನ್ನೆಲ್ಲ ವಿಜಾಪುರದ ಕಡೆ ಕಳಿಸುತ್ತೇವೆ, ಅಲ್ಲಿ ಬಿಸಿಲಿಗೆ ಬರವಿಲ್ಲ ಎಂದು ಮೇಲಿನವರು ಹೇಳಿದ್ದರು. ಆರಿಸಿದ ಮನೆ ಬಸವಂತಪ್ಪನವರದು. ಅವರು ಊರಿನ ಪೋಸ್ಟ್ ಮಾಸ್ತರರು. ಅವರ ಮನೆಯ ಪಡಸಾಲೆಯೇ ಪೋಸ್ಟ್ ಆಫೀಸು. ಟಪಾಲಿನ ಚೀಲ ಸಂಜೆಯ ಬಸ್ಸಿಗೆ ಬರುತ್ತಿತ್ತು. ಅದನ್ನು ಕಂದೀಲಿನ ಬೆಳಕಿನಲ್ಲಿ ಬಿಚ್ಚಿ, ಒಂದೊಂದೇ ವಿಳಾಸವನ್ನು ಮೂಗಿಗೆ ಹಿಡಿದು ಓದಿ ಅವರ ಕಣ್ಣು ಸೋತಿದ್ದವು. ಊರಿನ ಹೆಸರು ಬರೆಯುವುದಿಲ್ಲ. ಆ ಮನೆತನದವರು ಇನ್ನೂ ಅಲ್ಲಿದ್ದಾರೆ.

ನಾನು ದಿಕ್ಸೂಚಿ ಹಿಡಿದು ಹೋದೆ. ಮನೆಗೆ ತಾಗಿ ಅಂಗಳದಲ್ಲಿ ದೊಡ್ಡದೊಂದು ಹಲಸಿನ ಮರವಿತ್ತು. ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡಿದೆ. ಹಂಚಿನ ಮೇಲೆ ಎಲ್ಲಿಯೂ ಪೂರ್ಣ ಬಿಸಿಲು ಬೀಳಲಿಲ್ಲ. ಸಂಜೆ ಬಸವಂತಪ್ಪನವರಿಗೆ ಹೇಳಿದೆ, "ಈ ಗಿಡದ ಎರಡು ಟೊಂಗಿ ಕಡದ್ರ ಕೆಲಸ ಆಗತೈತ್ರಿ."

ಅವರು ಚಷ್ಮಾ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮನ್ನ ಯಾರು ಕಳಿಸ್ಯಾರ?"

"ಆಫೀಸಿನವರ್ರಿ."

"ಯಾವ ಆಫೀಸು? ಗ್ವಾಡಿ ಆಚೆದೇನು?"

ನನಗೆ ಏನೂ ತಿಳಿಯಲಿಲ್ಲ. ಅವರು ಎದ್ದು ಒಳಗೆ ಹೋದರು. ಅವರ ಹೆಂಡತಿ ಗಂಗವ್ವ ಚಹಾ ತಂದು ಕೊಟ್ಟು, ದನಿ ತಗ್ಗಿಸಿ ವಿಷಯ ಹೇಳಿದಳು. ಗೋಡೆಯಾಚೆ ಇರುವವನು ಬಸವಂತಪ್ಪನವರ ತಮ್ಮ ಶಿವಪುತ್ರ. ತಂದೆ ತೀರಿಕೊಂಡ ಮೇಲೆ ಒಂದೇ ಮನೆಯನ್ನು ನಡುವೆ ಗೋಡೆ ಕಟ್ಟಿ ಎರಡು ಮಾಡಿಕೊಂಡಿದ್ದರು. ಹೊಲ ಹಂಚುವಾಗ ಜಗಳವಾಗಿರಲಿಲ್ಲ, ಎತ್ತು ಹಂಚುವಾಗಲೂ ಆಗಿರಲಿಲ್ಲ. ಮರ ಅಣ್ಣನ ಪಾಲಿಗೆ ಬಂತು, ಅದರ ಎಲೆ ಮಾತ್ರ ಗಾಳಿಗೆ ಹಾರಿ ತಮ್ಮನ ಹಂಚಿನ ಮೇಲೆ ಬೀಳುತ್ತಿದ್ದವು. ಟೊಂಗೆ ಕಡಿ ಎಂದು ತಮ್ಮ ಹೇಳಿದ. ಅಪ್ಪ ಹಚ್ಚಿದ ಗಿಡ, ಕಡಿಯುವುದಿಲ್ಲ ಎಂದು ಅಣ್ಣ ಹೇಳಿದರು. ಅದೇ ಅವರು ಆಡಿದ ಕೊನೆಯ ಮಾತು. ಅದಾಗಿ ಎಷ್ಟೋ ವರ್ಷಗಳಾಗಿದ್ದವು. ಶಿವಪುತ್ರನ ಹೆಸರಿಗೆ ಟಪಾಲು ಬಂದರೆ ಬಸವಂತಪ್ಪನವರು ಅದಕ್ಕೂ ಎಲ್ಲರ ಟಪಾಲಿನ ಹಾಗೆಯೇ ಠಸ್ಸೆ ಹೊಡೆದು ಪೋಸ್ಟಮನ್ನನ ಕೈಗೆ ಕೊಡುತ್ತಿದ್ದರು. ಪೋಸ್ಟಮನ್ ಅದನ್ನು ಹಿಡಿದು ಬಾಗಿಲಿಂದ ಹೊರಬಿದ್ದು, ಓಣಿ ಸುತ್ತಿ, ಗೋಡೆಯಾಚೆಗೆ ಮುಟ್ಟಿಸುತ್ತಿದ್ದ.

ಮರುದಿನ ಇನಾಮದಾರ ಸಾಹೇಬರೇ ಬಂದರು. ಅಂಗಳದಲ್ಲಿ ನಿಂತು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಗಿಡದ ಮಾತು ಇನ್ನ ತಗೀಬ್ಯಾಡ" ಎಂದು ನನಗೆ ಮೆಲ್ಲಗೆ ಹೇಳಿದರು. ಕಬ್ಬಿಣದ ಕಂಬ ನೆಟ್ಟು ಅದರ ಮೇಲೆ ಕೂರಿಸುವ ಯೋಚನೆ ಮಾಡಿದರು. ಮರ ಕಂಬಕ್ಕಿಂತ ಎತ್ತರವಿತ್ತು. ಆಗ ಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರಿಗೆಂದು ಹೇಳದೆ, "ಬಿಸಲು ಆಚೆ ಮನಿ ಮ್ಯಾಲ ಬೀಳತೈತಿ" ಎಂದಳು.

ಬಸವಂತಪ್ಪನವರು ಟಪಾಲಿಗೆ ಠಸ್ಸೆ ಹೊಡೆಯುತ್ತ ಕುಳಿತಿದ್ದರು. ಬೇಡ ಎನ್ನಲಿಲ್ಲ. ಠಸ್ಸೆಯ ಸಪ್ಪಳ ಜೋರಾಯಿತು, ಅಷ್ಟೇ. ಸಾಹೇಬರು ಅದನ್ನೇ ಒಪ್ಪಿಗೆ ಎಂದು ತಿಳಿದು ನನ್ನನ್ನು ಓಣಿ ಸುತ್ತಿ ಆಚೆಗೆ ಕಳಿಸಿದರು.

ಶಿವಪುತ್ರ ಎತ್ತಿಗೆ ಮೇವು ಹಾಕುತ್ತಿದ್ದ. ಪೂರ್ತಿ ಕೇಳಿಕೊಂಡ. "ಅಂವಗ ನನ್ನ ಬಿಸಲು ಬೇಕಾಗೇತೇನು?" ಎಂದ.

"ಪೋಸ್ಟ್ ಆಫೀಸಿಗೆ ಬೇಕಾಗೇತ್ರಿ" ಎಂದೆ.

ಅವನು ಸ್ವಲ್ಪ ಹೊತ್ತು ಎತ್ತಿನ ಬೆನ್ನು ಸವರಿದ. "ಪೋಸ್ಟ್ ಆಫೀಸಿಗಾದ್ರ ನಂದೇನು ಅಡ್ಡಿಯಿಲ್ಲ. ಸರಕಾರದ ಕೆಲಸ. ಆದ್ರ ಆ ಮನಿಯವರು ಯಾರೂ ನನ್ನ ಹಂಚು ಹತ್ತಬಾರದು. ನೀವ ಹತ್ತರಿ. ಮತ್ತ ನನ್ನ ಪಡಸಾಲಿಗೂ ಒಂದು ಲೈಟ್ ಬೇಕು."

ಇದನ್ನು ನಾನು ಓಣಿ ಸುತ್ತಿ ತಂದು ಹೇಳಿದೆ. ಬಸವಂತಪ್ಪನವರು, "ಬ್ಯಾಟರಿ ನನ್ನ ಮನ್ಯಾಗ ಇರಬೇಕು ಅಂತ ಹೇಳ್ರಿ" ಎಂದರು. ಅದನ್ನು ಮತ್ತೆ ಓಣಿ ಸುತ್ತಿ ಒಯ್ದು ಹೇಳಿದೆ. ಅಣ್ಣತಮ್ಮಂದಿರಿಬ್ಬರೂ ಗೋಡೆಗೆ ಹತ್ತಿರವೇ ಇದ್ದರು, ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ನಾನು ಹೋಗಿ ಹೇಳುವವರೆಗೆ ಯಾರೂ ಕೇಳಿಸಿಕೊಂಡವರಂತೆ ತೋರಿಸಲಿಲ್ಲ. ಸಾಹೇಬರು ಅಂಗಳದ ಕಲ್ಲಿನ ಮೇಲೆ ಕುಳಿತು, ಒಂದು ಕಡೆಯಿಂದ ಹೋದ ನಾನು ಇನ್ನೊಂದು ಕಡೆಯಿಂದ ಬರುವುದನ್ನು ನೋಡುತ್ತಿದ್ದರು.

ಕೆಲಸ ಶುರುವಾಯಿತು. ಶಿವಪುತ್ರನ ಹಂಚಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ಪ್ಯಾನೆಲ್ ಬಿಗಿದೆ. ಬಸವಂತಪ್ಪನವರ ಪಡಸಾಲೆಯಲ್ಲಿ, ಗೋಡೆಗೆ ಹತ್ತಿರ, ಮರದ ಹಲಗೆಯ ಮೇಲೆ ಬ್ಯಾಟರಿ ಇಟ್ಟೆ. ಇನ್ನು ವೈರ್ ಹಾಯಿಸಲು ಗೋಡೆಗೆ ತೂತು ಮಾಡಬೇಕು. ಉಳಿ, ಸುತ್ತಿಗೆ ತೆಗೆದುಕೊಂಡು ಕುಳಿತೆ. ಎರಡು ಬೆರಳಷ್ಟು ತೂತು ಸಾಕಿತ್ತು. ಗಂಡಸರು ಹೊಲದ ಕಡೆ ಹೋಗಿದ್ದರು. ಗಂಗವ್ವ ಬಂದು ಪಕ್ಕದಲ್ಲಿ ನಿಂತಳು.

"ಇನ್ನಷ್ಟು ದೊಡ್ಡದು ಮಾಡಾಕ ಬರತೈತೇನೋ ತಮ್ಮಾ?"

"ಎಷ್ಟು ದೊಡ್ಡದ್ರಿ ಅಕ್ಕಾರ?"

ಗೋಡೆಯಾಚೆಯಿಂದ ಶಿವಪುತ್ರನ ಹೆಂಡತಿ ನೀಲವ್ವನ ದನಿ ಬಂತು. "ವಾಟಗಾ ಹಾಯೂವಷ್ಟು."

ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ಕಾಣುತ್ತದೆ. ನಾನು ವಾಟಗಾ, ಅಂದರೆ ಸಾರಿನ ಬಟ್ಟಲು, ಹಾಯುವಷ್ಟು ತೂತು ಮಾಡಿ, ವೈರನ್ನು ಒಂದು ಮೂಲೆಗೆ ಸರಿಸಿದೆ. ಬಸವಂತಪ್ಪನವರು ಬಂದು ನೋಡಿ, "ಇಷ್ಟು ದೊಡ್ಡದು ಯಾಕ?" ಎಂದು ಕೇಳಿದರು. ಬ್ಯಾಟರಿಗೆ ಗಾಳಿ ಬೇಕಾಗುತ್ತದೆ ಎಂದೆ. ಬ್ಯಾಟರಿಗೆ ಗಾಳಿ ಬೇಕು ಎಂಬುದು ಸುಳ್ಳೇನೂ ಅಲ್ಲ.

ಉದ್ಘಾಟನೆಗೆ ದೊಡ್ಡ ಅಧಿಕಾರಿಯೊಬ್ಬರು ಬಂದರು. ಅವರಿಗೆ ಸಿಕ್ಕ ಸಮಯ ನಡುಮಧ್ಯಾಹ್ನ. ಬೇಸಿಗೆಯ ಬಿಸಿಲು. ಊರವರೆಲ್ಲ ಅಂಗಳದಲ್ಲಿ ನಿಂತು ಹಂಚಿನ ಮೇಲಿನ ಪ್ಯಾನೆಲನ್ನೇ ನೋಡುತ್ತಿದ್ದರು, ಅದೇ ಹತ್ತುತ್ತದೆ ಎಂದು ಅವರ ನಂಬಿಕೆ. ಅಧಿಕಾರಿ ಪಡಸಾಲೆಯಲ್ಲಿ ಗುಂಡಿ ಒತ್ತಿದರು. ಟ್ಯೂಬು ಹತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ. ಸಾಹೇಬರು ಕಿಟಕಿ ಬಾಗಿಲುಗಳಿಗೆ ಕಂಬಳಿ ಕಟ್ಟಿಸಿದರು. ಅಷ್ಟು ಜನ ಕತ್ತಲೆಯಲ್ಲಿ ಒಳಗೆ ಒತ್ತಿಕೊಂಡು ನಿಂತ ಮೇಲೆ ಬೆಳಕು ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯರೊಬ್ಬರು ಬೆವರು ಒರೆಸಿಕೊಳ್ಳುತ್ತ, "ಹೊರಗ ಇದಕ್ಕಿಂತ ಛಲೋ ಬೆಳಕ ಐತಿ" ಎಂದು ಹೇಳಿ ಹೊರಗೆ ಹೋದರು. ಗೋಡೆಯಾಚೆಯ ಟ್ಯೂಬನ್ನು ಯಾರೂ ಉದ್ಘಾಟಿಸಲಿಲ್ಲ. ಶಿವಪುತ್ರ ತಾನೇ ಹಚ್ಚಿಕೊಂಡು ಅದರ ಕೆಳಗೆ ಬಾಗಿಲು ತೆರೆದು ಕುಳಿತಿದ್ದ. ಒಂದು ಹೊಸ ಅಂಗಿ ಹಾಕಿಕೊಂಡಿದ್ದ.

ಮಳೆಗಾಲದವರೆಗೆ ಎಲ್ಲ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಒಂದು ದಿನ ಖಾನಾಪುರದ ಬಸ್ಸಿನ ಕಂಡಕ್ಟರ್ ವರ್ಕ್‌ಶಾಪಿಗೆ ಬಂದು, "ಪೋಸ್ಟ್ ಮಾಸ್ತರು ಸಾಮಾನೆಲ್ಲಾ ಒಯ್ಯಾಕ ಹೇಳ್ಯಾರ" ಎಂದ. ಕಾರ್ಡು ಬರೆದರೆ ದಾರಿಯಲ್ಲಿ ಎಷ್ಟು ಜನ ಓದುತ್ತಾರೆ ಎಂಬುದು ಬಸವಂತಪ್ಪನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ.

ಸಾಹೇಬರು ಲೆಕ್ಕದ ಹಾಳೆ ತೆಗೆದರು. ಸತತ ಮೂರು ದಿನ ಮೋಡವಿದ್ದರೂ ದೀಪ ಹತ್ತಬೇಕು ಎಂದು ದಿಲ್ಲಿಯಲ್ಲಿ ಕಲಿಸಿದ್ದರು. ಖಾನಾಪುರದ ಮಳೆಯನ್ನು ದಿಲ್ಲಿಯವರು ನೋಡಿರಲಿಲ್ಲ. "ಆದ್ರೂ ಇಷ್ಟು ಲಗೂ ಸಾಯಬಾರದು," ಎಂದು ದನಿ ಸಣ್ಣದು ಮಾಡಿ ಹೇಳಿದರು. "ಹೋಗಿ ನೋಡಿ ಬಾ. ಪ್ಯಾನೆಲ್ ಇಳಿಸಿಕೊಂಡು ಬರಬ್ಯಾಡ. ಇಳೀತಂದ್ರ ಬಾಕಿ ಎಲ್ಲಾ ವಿಜಾಪುರಕ್ಕ ಹೋದವು ಅಂತ ತಿಳಿ."

ಹೋದಾಗ ಬಸವಂತಪ್ಪನವರು ಮತ್ತೆ ಕಂದೀಲು ಹಚ್ಚಿಕೊಂಡು ಕುಳಿತಿದ್ದರು. "ಅಂವ ವೈರ್ ಕಿತ್ತಾನ್ರಿ," ಎಂದರು. "ಲೈಟ್ ಮಂಕಾಗಿ ಮಂಕಾಗಿ ನಿಂತೈತಿ. ನನಗ ಮೊದಲಽ ಗೊತ್ತಿತ್ತು. ಇದನ್ನ ಒಯ್ಯರಿ. ನಾ ಕೋರ್ಟಿಗೆ ಹೋಗತೇನಿ."

ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ನೋಡಿದೆ. ಬ್ಯಾಟರಿ ಪೂರ್ತಿ ಬರಿದಾಗಿತ್ತು. ಮೋಡದ ದಿನಗಳಲ್ಲೂ ಪ್ಯಾನೆಲಿನಿಂದ ಅಷ್ಟಿಷ್ಟು ಬರಬೇಕು, ಒಂದು ಹನಿಯೂ ಬಂದಿರಲಿಲ್ಲ. ವೈರ್ ಕಿತ್ತಿದ್ದಾನೆ ಎಂಬ ಮಾತು ನನಗೂ ನಿಜವೆನಿಸಿತು. ಮಳೆಯಲ್ಲೇ ಓಣಿ ಸುತ್ತಿ ಆಚೆ ಹೋದೆ. ಶಿವಪುತ್ರನ ಪಡಸಾಲೆಯಲ್ಲೂ ಚಿಮಣಿ ದೀಪ ಹತ್ತಿತ್ತು.

"ನನ್ನ ಮನ್ಯಾಗೂ ಹತ್ತವಲ್ದ್ರಿ," ಎಂದ. "ಆಚೆ ಕಡೆ ಅಂವ ಬ್ಯಾಟರಿ ಬಂದ್ ಮಾಡ್ಯಾನ ಅಂತ ತಿಳದಿದ್ದೆ."

"ಕೇಳಬೇಕಿತ್ತಲ್ರಿ."

"ಯಾರನ್ನ?" ಎಂದ ಅವನು.

ಏಣಿ ಹಚ್ಚಿ ಹಂಚು ಹತ್ತಿದೆ. ಪ್ಯಾನೆಲ್ ಕಾಣಲಿಲ್ಲ. ಅದಿರಬೇಕಾದ ಜಾಗದಲ್ಲಿ ಮಳೆಗೆ ಹೊದಿಸುವ ದೊಡ್ಡದೊಂದು ತಾಡಪತ್ರಿ ಇತ್ತು. ನಾಲ್ಕೂ ಮೂಲೆ ಎಳೆದು, ಚೌಕಟ್ಟಿಗೆ ಹಗ್ಗ ಸುತ್ತಿ, ಗಾಳಿಗೆ ಹಾರದ ಹಾಗೆ ಗಂಟು ಹಾಕಿದ್ದರು. ಒಂದು ಹನಿ ನೀರು ಒಳಗೆ ಹೋಗಿರಲಿಲ್ಲ. ಬೆಳಕೂ ಹೋಗಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮುಚ್ಚಿದ ಪ್ಯಾನೆಲನ್ನು ನನ್ನ ಇಡೀ ನೌಕರಿಯಲ್ಲಿ ನಾನು ಮತ್ತೆ ನೋಡಲಿಲ್ಲ.

ಕೆಳಗಿಳಿದು, "ಇದನ್ನ ಯಾರು ಮುಚ್ಚ್ಯಾರ್ರಿ?" ಎಂದೆ.

"ನಾನ. ಮಳಿ ಚಾಲೂ ಆಗೂದಕ್ಕ ಮೊದಲ ಮುಚ್ಚಿದೆ. ಯಾಕ?"

"ಮುಚ್ಚಬಾರದ್ರಿ. ಮಳಿಗೆ ಏನೂ ಆಗೂದಿಲ್ಲ ಅದಕ್ಕ."

ಶಿವಪುತ್ರ ನನ್ನ ಮುಖ ನೋಡಿದ. "ಕಾಜಿನ ಸಾಮಾನು. ನನ್ನ ಮನಿ ಮ್ಯಾಲ ಇದ್ದಾಗ ಒಡದ್ರ ನಾನಽ ಒಡದೆ ಅಂತಾನ ಅಂವ" ಎಂದ. ಆಮೇಲೆ ಗೋಡೆಯ ಕಡೆ ನೋಡಿ, "ಅಂವನ ಕಣ್ಣು ಛಲೋ ಇಲ್ಲ. ಲೈಟ್ ಬೇಕಲ್ಲ" ಎಂದ.

ನೀಲವ್ವ ಒಳಗಿನಿಂದ, "ಮುಚ್ಚಿದ್ದು ನನಗೂ ಆಚೆ ಮನಿ ಅಕ್ಕಗೂ ಗೊತ್ತಿತ್ತು. ಮುಚ್ಚಬಾರದು ಅನ್ನೂದು ಗೊತ್ತಿರಲಿಲ್ಲ" ಎಂದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಆಗ ಅಂಗಳದ ಕಡೆ ನೋಡಿದೆ. ಗೋಡೆಯ ಪಕ್ಕ ಕಟ್ಟಿಗೆಯ ಒಟ್ಟಲು ಬಯಲಿನಲ್ಲೇ ನೆನೆಯುತ್ತಿತ್ತು. ಆ ಕಡೆ ಮಳೆಗಾಲಕ್ಕೆಂದು ಕಟ್ಟಿಗೆ ಒಟ್ಟಿ ಮುಚ್ಚಿಡದ ಮನೆ ಇಲ್ಲ. ನಾಲ್ಕು ತಿಂಗಳು ಒಲೆ ಅದರಿಂದಲೇ ಉರಿಯಬೇಕು. ಶಿವಪುತ್ರನ ಹತ್ತಿರ ಇದ್ದದ್ದು ಅದೊಂದೇ ತಾಡಪತ್ರಿ. ಒಳಗಿನಿಂದ ಬರುತ್ತಿದ್ದ ಹಸಿ ಕಟ್ಟಿಗೆಯ ಹೊಗೆಯಲ್ಲಿ ನೀಲವ್ವ ಕೆಮ್ಮುತ್ತಿದ್ದಳು.

ಓಣಿ ಸುತ್ತಿ ಬಂದು ಬಸವಂತಪ್ಪನವರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ವೈರ್ ಸರಿಯಾಗಿದೆ ಎಂದೆ. ತಾಡಪತ್ರಿಯ ವಿಷಯ ಹೇಳಿದೆ. ಕಟ್ಟಿಗೆಯದನ್ನೂ ಹೇಳಿದೆ. ಕಣ್ಣಿನ ಮಾತನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಅದನ್ನೂ ಹೇಳಿದೆ. ಅವರು ಕಂದೀಲಿನ ಬತ್ತಿಯನ್ನು ಏರಿಸಿದರು, ಇಳಿಸಿದರು. ಆಮೇಲೆ ಎದ್ದು ಹಿತ್ತಲಿಗೆ ಹೋದರು. ಕೋರ್ಟಿನ ಕಾಗದ ತರಲು ಹೋದರೇನೋ ಎಂದು ನಾನು ಕುಳಿತೇ ಇದ್ದೆ. ಅವರು ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಎರಡೂ ಕೈ ತುಂಬ ಒಣ ಕಟ್ಟಿಗೆ ಅಪ್ಪಿಕೊಂಡು ಬಂದರು. ಕಟ್ಟಿಗೆ ತೊಯ್ಯದ ಹಾಗೆ ಅದರ ಮೇಲೆ ತಮ್ಮ ಟಾವೆಲ್ ಹೊದಿಸಿದ್ದರು. ನನ್ನ ಮುಂದೆಯೇ ಬಾಗಿಲು ದಾಟಿ ಓಣಿಗೆ ಇಳಿದರು. ನಾನು ಹಿಂದೆ ಹೋದೆ.

ಶಿವಪುತ್ರ ಬಾಗಿಲಲ್ಲಿ ನಿಂತಿದ್ದ. ಬಸವಂತಪ್ಪನವರು ಹೊಸ್ತಿಲಿನ ಈಚೆಗೆ ನಿಂತರು.

"ಕಟಗಿ ತೊಯ್ದಾವಂತ" ಎಂದರು.

"ಹೂಂ."

"ಇವು ಒಣಗ್ಯಾವು. ಎಲ್ಲಿಡ್ಲಿ?"

"ಒಳಗ ಇಡು."

ಬಸವಂತಪ್ಪನವರು ಒಳಗೆ ಹೋಗಿ ಒಲೆಯ ಪಕ್ಕ ಕಟ್ಟಿಗೆ ಇಟ್ಟು, ಒಂದೊಂದನ್ನೇ ನೇರ ಮಾಡಿದರು. ನೇರ ಮಾಡುವ ಅಗತ್ಯವಿರಲಿಲ್ಲ. ಮಳೆಯ ಸಪ್ಪಳವಷ್ಟೇ ಇತ್ತು. ಕೊನೆಗೆ ಶಿವಪುತ್ರ ನನ್ನನ್ನೇ ನೋಡುತ್ತ, "ಚಹಾ ಕುಡೀತಿಯೇನು?" ಎಂದ.

ಅವನು ಒಮ್ಮೆಯೂ ನನ್ನನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ. ಹಾಗಾಗಿ ಆ ಪ್ರಶ್ನೆ ನನಗಲ್ಲ ಎಂದು ತಿಳಿದು ಬಾಗಿಲ ಕಡೆ ಸರಿದೆ.

"ಸಕ್ಕರಿ ಕಡಿಮಿ ಹಾಕಂತ ಹೇಳು" ಎಂದರು ಬಸವಂತಪ್ಪನವರು.

ಚಹಾ ನನಗೂ ಬಂತು.

ತಾಡಪತ್ರಿ ಬಿಚ್ಚಿ ಕಟ್ಟಿಗೆಗೆ ಹೊದಿಸಿದೆವು. ಸತ್ತ ಬ್ಯಾಟರಿಯನ್ನು ಬಸ್ಸಿನಲ್ಲಿ ಬೆಳಗಾವಿಗೆ ತಂದು, ನಿಧಾನವಾಗಿ ಚಾರ್ಜ್ ಮಾಡಿ ವಾಪಸ್ ಒಯ್ದೆ. ಮಳೆಗಾಲ ಮುಗಿಯುವವರೆಗೆ ಟಪಾಲಿನ ಚೀಲ ಬಿಚ್ಚುವ ಹೊತ್ತಿಗೆ ಮಾತ್ರ ದೀಪ ಹಚ್ಚಬೇಕೆಂದು ಇಬ್ಬರನ್ನೂ ಒಂದೇ ಕಡೆ ಕೂರಿಸಿ ಹೇಳಿದೆ. ಆ ಮಳೆಗಾಲ ದೀಪ ನಡೆಯಿತು. ಉಳಿದ ಪ್ಯಾನೆಲುಗಳು ವಿಜಾಪುರಕ್ಕೆ ಹೋಗಲಿಲ್ಲ, ಖಾನಾಪುರದ ಹಳ್ಳಿಗಳಲ್ಲೇ ಏರಿದವು. ಸಾಹೇಬರು ಮೂರು ದಿನದ ಲೆಕ್ಕವನ್ನು ಹೊಡೆದುಹಾಕಿ ಬ್ಯಾಟರಿ ದೊಡ್ಡದು ಮಾಡಿದರು. ಮನೆಯ ನಕ್ಷೆ ಬಿಡಿಸುವಾಗ ಬಾಜೂ ಮನೆಯನ್ನೂ ಬಿಡಿಸತೊಡಗಿದರು. ಮೇಲಿನವರು ಯಾಕೆಂದು ಕೇಳಿದರೆ, "ನೆರಳಿನ ಸಲುವಾಗಿ" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಆ ಊರಿಗೆ ಕಂಬ ಬಂದವು, ಕರೆಂಟು ಬಂತು. ಯೋಜನೆಯ ಪ್ಯಾನೆಲ್ ಇಳಿಸಿ ತನ್ನಿ ಎಂದು ಆದೇಶವಾಯಿತು. ನಾನೇ ಹೋದೆ. ಬಸವಂತಪ್ಪನವರು ನಿವೃತ್ತರಾಗಿ ಪಡಸಾಲೆಯಲ್ಲಿ ಕುಳಿತಿದ್ದರು. "ಪ್ಲೇಟು ತಮ್ಮನ ಮನಿ ಮ್ಯಾಲ ಐತಿ. ಅದು ಅವಂದು. ಅವನ್ನ ಕೇಳ್ರಿ" ಎಂದರು. ಶಿವಪುತ್ರನ ಹತ್ತಿರ ಹೋದೆ. "ಅದು ಅಣ್ಣನ ಹೆಸರಿಗೆ ಬಂದದ್ದು. ನಾ ಹೆಂಗ ಕೊಡ್ಲಿ? ಅವನ್ನ ಕೇಳ್ರಿ" ಎಂದ. ಹೊರಗೆ ಬಂದಾಗ ಗೋಡೆಯ ಎರಡೂ ಕಡೆಯಿಂದ ಇಬ್ಬರೂ ನಗುವುದು ಕೇಳಿಸಿತು.

ಬರಿಗೈಯಲ್ಲಿ ಬೆಳಗಾವಿಗೆ ಬಂದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಪ್ಯಾನೆಲ್ ಎಲ್ಲಿ?" ಎಂದರು.

"ಮಾಲೀಕರು ಸಿಗಲಿಲ್ರಿ" ಎಂದೆ.

"ಎರಡೂ ಮನ್ಯಾಗ?"

"ಎರಡೂ ಮನ್ಯಾಗ್ರಿ."

ಸಾಹೇಬರು ಆದೇಶದ ಕಾಗದವನ್ನು ಮಡಚಿ ಡ್ರಾವರಿಗೆ ಹಾಕಿದರು. "ಸಿಕ್ಕಾಗ ತಂದ್ರಾತು" ಎಂದು ಹೇಳಿ, ಮುಂದಿನ ಊರಿನ ನಕ್ಷೆ ಬಿಚ್ಚಿದರು.